ಪಂದ್ಯದ ಮೋಟಾರುಗಳಲ್ಲಿ ಗೇರಿನ ಅನುಪಾತದ ಆಯ್ಕೆ: ಒಂದು ಐತಿಹಾಸಿಕ ವಿವೇಚನೆ

1

ಮೋಟಾರು ಪಂದ್ಯಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಎರಡು ವಿಷಯಗಳಿಗೆ ಹೆಚ್ಚಿನ ಗಮನವನ್ನು ಕೊಟ್ಟಿದ್ದಾರೆ: ಒಂದು ಚಾಲಕನ ಸಾಹಸ, ಇನ್ನೊಂದು ಎಂಜಿನಿನ ಶಕ್ತಿ. ಇವೆರಡರ ನಡುವೆ ನಿಂತು ಎಂಜಿನಿನ ಶಕ್ತಿಯನ್ನು ಚಕ್ರಗಳಿಗೆ ಮುಟ್ಟಿಸುವ ಗೇರುಗಳ ಮಾತು ಬಂದಾಗ, ಇಂಥ ಗಾಡಿಗೆ ನಾಲ್ಕು ಗೇರುಗಳಿದ್ದವು, ಇಂಥದಕ್ಕೆ ಐದು ಎಂದು ಸಂಖ್ಯೆಯನ್ನು ಹೇಳಿ ಮುಂದಕ್ಕೆ ಸಾಗುವುದೇ ವಾಡಿಕೆಯಾಗಿದೆ. ಸಂಖ್ಯೆಯು ಹೆಚ್ಚುತ್ತ ಬಂದದ್ದನ್ನೇ ಪ್ರಗತಿಯ ಅಳತೆಗೋಲೆಂದು ಭಾವಿಸಿದಂತೆ ತೋರುತ್ತದೆ. ಆದರೆ ವಿಷಯವನ್ನು ಸ್ವಲ್ಪ ಒಳಹೊಕ್ಕು ನೋಡಿದರೆ, ಗೇರುಗಳು ಎಷ್ಟು ಎಂಬುದಕ್ಕಿಂತ ಅವುಗಳ ಅನುಪಾತವನ್ನು ಯಾರು, ಯಾವಾಗ, ಎಲ್ಲಿ ನಿರ್ಧರಿಸುತ್ತಿದ್ದರು ಎಂಬ ಪ್ರಶ್ನೆಯೇ ಹೆಚ್ಚು ಫಲಕಾರಿಯೆಂದು ವಿದಿತವಾಗುತ್ತದೆ.

ಈ ದೃಷ್ಟಿಯಿಂದ ನೋಡಿದಾಗ ಇತಿಹಾಸವು ಮೂರು ಘಟ್ಟಗಳಾಗಿ ಒಡೆದು ಕಾಣುತ್ತದೆ. ಮೊದಲನೆಯದರಲ್ಲಿ ಅನುಪಾತವು ಗಾಡಿಯನ್ನು ಕಟ್ಟುವಾಗಲೇ ನಿಶ್ಚಿತವಾಗುತ್ತಿದ್ದ ಗುಣ. ಎರಡನೆಯದರಲ್ಲಿ ಅದು ಪ್ರತಿಯೊಂದು ಪಂದ್ಯಪಥಕ್ಕೂ ಬೇರೆಬೇರೆಯಾಗಿ ಮಾಡಿಕೊಳ್ಳುವ ಆಯ್ಕೆ. ಮೂರನೆಯದರಲ್ಲಿ, ಎಂದರೆ 2014ರಿಂದ ಈಚೆಗೆ, ಅಗ್ರಶ್ರೇಣಿಯ ಪಂದ್ಯಗಳಲ್ಲಿ ನಿಯಮದಿಂದಲೇ ಕಟ್ಟುಬಿದ್ದ ಸಂಗತಿ. ಈ ಮೂರು ಘಟ್ಟಗಳನ್ನು ಕ್ರಮವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಇತಿಹಾಸಕ್ಕೆ ಪ್ರವೇಶಿಸುವ ಮೊದಲು ತತ್ತ್ವವನ್ನು ಸಂಕ್ಷೇಪವಾಗಿ ತಿಳಿದುಕೊಳ್ಳುವುದು ಅವಶ್ಯಕ. ಎಂಜಿನು ಎಲ್ಲ ವೇಗಗಳಲ್ಲಿಯೂ ಒಂದೇ ಸಮನಾದ ಶಕ್ತಿಯನ್ನು ಕೊಡುವುದಿಲ್ಲ. ಅದರ ದಂಡವು ನಿಮಿಷಕ್ಕೆ ಇಂತಿಷ್ಟು ಸುತ್ತುಗಳಿಂದ ಇಂತಿಷ್ಟು ಸುತ್ತುಗಳವರೆಗೆ ತಿರುಗುತ್ತಿರುವಾಗ ಮಾತ್ರ ಅದು ತನ್ನ ಪೂರ್ಣ ಬಲದಲ್ಲಿರುತ್ತದೆ. ಅದಕ್ಕೂ ಕೆಳಗೆ ಸೊರಗುತ್ತದೆ, ಅದಕ್ಕೂ ಮೇಲೆ ಮುರಿಯುವ ಭಯವಿದೆ. ಗಾಡಿಯ ವೇಗವಾದರೋ ತಿರುವಿನಲ್ಲಿ ಇಳಿಯುತ್ತದೆ, ನೇರ ದಾರಿಯಲ್ಲಿ ಏರುತ್ತದೆ. ಹೀಗೆ ಬದಲಾಗುವ ಚಕ್ರದ ವೇಗಕ್ಕೂ ಬದಲಾಗಬಾರದ ಎಂಜಿನಿನ ವೇಗಕ್ಕೂ ಹೊಂದಿಕೆಯನ್ನು ಏರ್ಪಡಿಸುವುದೇ ಗೇರಿನ ಕೆಲಸ. ಎಂಜಿನು ಎಷ್ಟು ಸುತ್ತು ತಿರುಗಿದರೆ ಚಕ್ರವು ಒಂದು ಸುತ್ತು ತಿರುಗುತ್ತದೆ ಎಂಬ ಲೆಕ್ಕವೇ ಅನುಪಾತ. ಒಂದನ್ನೊಂದು ಕಚ್ಚಿ ತಿರುಗುವ ಗಾಲಿಗಳ ಹಲ್ಲುಗಳ ಎಣಿಕೆಯಿಂದ ಅದು ನಿರ್ಣಯವಾಗುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಚಕ್ರದ ಸುತ್ತಳತೆ 2 ಮೀಟರು, ಎಂಜಿನಿನ ಮಿತಿ ನಿಮಿಷಕ್ಕೆ 9,000 ಸುತ್ತು ಎಂದಿಟ್ಟುಕೊಳ್ಳೋಣ. ಒಟ್ಟು ಅನುಪಾತ 3.6 ಆದರೆ ಚಕ್ರವು ನಿಮಿಷಕ್ಕೆ 2,500 ಸುತ್ತು ತಿರುಗಿ ಗಾಡಿಯು ಗಂಟೆಗೆ 300 ಕಿಲೋಮೀಟರು ಓಡುತ್ತದೆ. ಅನುಪಾತವನ್ನು 3.75ಕ್ಕೆ ಏರಿಸಿದರೆ ಅದೇ ಮಿತಿಯಲ್ಲಿ ವೇಗವು 288 ಕಿಲೋಮೀಟರಿಗೆ ಇಳಿಯುತ್ತದೆ. ಆದರೆ ಚಕ್ರಕ್ಕೆ ದೊರೆಯುವ ತಿರುಗುಬಲವು ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಮೊದಲನೆಯದನ್ನು ವೇಗದ ಗೇರೆಂದೂ ಎರಡನೆಯದನ್ನು ಎಳೆತದ ಗೇರೆಂದೂ ಈ ಲೇಖನದಲ್ಲಿ ಕರೆದಿದೆ. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಕಳೆದುಕೊಳ್ಳಲೇಬೇಕು.

ಆಯ್ಕೆ ಮಾಡುವವನು ಮೊದಲು ಎರಡು ತುದಿಗಳನ್ನು ಗೊತ್ತುಮಾಡಿಕೊಳ್ಳುತ್ತಾನೆ. ಅತ್ಯಂತ ಉದ್ದವಾದ ನೇರ ದಾರಿಯ ಕೊನೆಯಲ್ಲಿ ಎಂಜಿನು ತನ್ನ ಮಿತಿಯನ್ನು ಮುಟ್ಟುವಂತೆ ಕೊನೆಯ ಗೇರನ್ನೂ, ಅತ್ಯಂತ ನಿಧಾನದ ತಿರುವಿನಿಂದ ಹೊರಬೀಳುವಾಗ ಎಂಜಿನು ಸೊರಗದಂತೆ ಕೆಳಗಿನ ಗೇರನ್ನೂ ನಿರ್ಧರಿಸಿ, ನಡುವಣ ಗೇರುಗಳನ್ನು ಉಳಿದ ತಿರುವುಗಳಿಗೆ ಹೊಂದಿಸುತ್ತಾನೆ. ಈ ಮಧ್ಯದ ಗೇರುಗಳ ಅಂತರವನ್ನು ಸಮನಾಗಿ ಹಂಚುವುದಿಲ್ಲ; ಮೇಲೆ ಹೋದಂತೆಲ್ಲ ಅಂತರವನ್ನು ಕಿರಿದುಮಾಡುತ್ತಾನೆ. ಇದಕ್ಕೆ ಕಾರಣ ಗಾಳಿಯ ತಡೆ. ಅದನ್ನು ಎದುರಿಸಲು ಬೇಕಾಗುವ ಶಕ್ತಿಯು ವೇಗದ ಘನದ ಪ್ರಮಾಣದಲ್ಲಿ ಬೆಳೆಯುವುದರಿಂದ, ಹೆಚ್ಚಿನ ವೇಗದಲ್ಲಿ ಎಂಜಿನಿಗೆ ಮಿಗುವ ಶಕ್ತಿ ಅತ್ಯಲ್ಪ. ಅಲ್ಲಿ ಗೇರು ಬದಲಾಯಿಸಿದಾಗ ಸುತ್ತುಗಳು ತೀರ ಕುಸಿದರೆ ಗಾಡಿಯು ಮತ್ತೆ ಚೇತರಿಸಿಕೊಳ್ಳುವುದೇ ಇಲ್ಲ.

ಈ ಲೆಕ್ಕವನ್ನು ಬಹುಕಾಲ ಕಾಗದದ ಮೇಲೆಯೇ ಮಾಡುತ್ತಿದ್ದರು. ಗಾಡಿಯ ವೇಗವನ್ನು ಒಂದು ಕಡೆಯೂ ಎಂಜಿನಿನ ಸುತ್ತುಗಳನ್ನು ಇನ್ನೊಂದು ಕಡೆಯೂ ಗುರುತಿಸಿ, ಒಂದೊಂದು ಗೇರಿಗೆ ಒಂದೊಂದು ಓರೆಗೆರೆಯನ್ನು ಎಳೆದರೆ, ಗೇರಿನಿಂದ ಗೇರಿಗೆ ಹೋಗುವಾಗ ಸುತ್ತುಗಳು ಏರಿ ಬೀಳುವ ಕ್ರಮವು ಗರಗಸದ ಹಲ್ಲಿನಂತೆ ಕಣ್ಣಿಗೆ ಕಾಣುತ್ತದೆ. ಅಭ್ಯಾಸದ ಓಟದಲ್ಲಿ ದೊರೆತ ಸಾಕ್ಷ್ಯದಿಂದ ಈ ಪಟವನ್ನು ತಿದ್ದಿಕೊಳ್ಳುತ್ತಿದ್ದರು. ಸುತ್ತುಗಳನ್ನು ತೋರಿಸುವ ಮಾಪಕದಲ್ಲಿ ಎರಡನೆಯ ಮುಳ್ಳೊಂದಿದ್ದು, ಎಂಜಿನು ಮುಟ್ಟಿದ ಅತ್ಯಧಿಕ ಸಂಖ್ಯೆಯಲ್ಲಿಯೇ ಅದು ನಿಂತುಬಿಡುತ್ತಿತ್ತು. ಗಾಡಿ ಹಿಂದಿರುಗಿದೊಡನೆ ಮೆಕ್ಯಾನಿಕನು ನೋಡುತ್ತಿದ್ದದ್ದು ಈ ಮುಳ್ಳನ್ನು. ಅದು ಮಿತಿಯನ್ನು ಮುಟ್ಟದೆ ನಿಂತಿದ್ದರೆ ಕೊನೆಯ ಗೇರು ವೇಗದ ಕಡೆಗೆ ಅತಿಯಾಗಿ ವಾಲಿದೆಯೆಂದೂ, ಮಿತಿಯನ್ನು ದಾಟಿದ್ದರೆ ಎಳೆತದ ಕಡೆಗೆ ಅತಿಯಾಗಿ ವಾಲಿದೆಯೆಂದೂ ತೀರ್ಮಾನ.

3

ಮೊದಲನೆಯ ಘಟ್ಟದಲ್ಲಿ ಇಂಥ ತೀರ್ಮಾನಕ್ಕೆ ಹೆಚ್ಚು ಅವಕಾಶವಿರಲಿಲ್ಲ. ಫ್ರಾನ್ಸಿನ ಎಮಿಲ್ ಲೆವಾಸೊರ್ ಎಂಬಾತನು 1890ರ ದಶಕದ ಆದಿಯಲ್ಲಿ ಎಂಜಿನನ್ನು ಮುಂದಿಟ್ಟು, ಅದರ ಹಿಂದೆ ಕ್ಲಚ್ಚು, ಅದರ ಹಿಂದೆ ಜಾರುವ ಹಲ್ಲುಗಾಲಿಗಳ ಗೇರುವ್ಯವಸ್ಥೆ ಎಂಬ ಕ್ರಮವನ್ನು ರೂಢಿಗೆ ತಂದನು. 1895ರ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಪಂದ್ಯದಲ್ಲಿ ಆತನು ಸುಮಾರು 1,178 ಕಿಲೋಮೀಟರುಗಳ ದಾರಿಯನ್ನು 48 ಗಂಟೆ 48 ನಿಮಿಷಗಳಲ್ಲಿ ಕ್ರಮಿಸಿ ಎಲ್ಲರಿಗಿಂತ ಮೊದಲು ಬಂದನು. ಆದರೆ ಆತನ ಗಾಡಿಗೆ ಎರಡೇ ಆಸನಗಳಿದ್ದುದರಿಂದ ಮೊದಲ ಬಹುಮಾನವು ನಾಲ್ಕು ಆಸನಗಳ ಪಷೋ ಗಾಡಿಗೆ ಹೋಯಿತು. ಅಂದಿನ ಪಂದ್ಯವು ಊರಿಂದ ಊರಿಗೆ ಸಾಗುವ ದೀರ್ಘ ಪ್ರಯಾಣ. ದಾರಿಯಲ್ಲಿ ಏರು, ತಗ್ಗು, ಕೆಸರು, ಕಲ್ಲುಹಾಸು ಎಲ್ಲವೂ ಬರುತ್ತಿದ್ದುದರಿಂದ ಯಾವುದಾದರೂ ಒಂದು ಸ್ಥಳಕ್ಕೆ ಅನುಪಾತವನ್ನು ಹೊಂದಿಸುವ ಮಾತು ಅರ್ಥಹೀನವಾಗಿತ್ತು.

1898ರಲ್ಲಿ ಲೂಯಿ ರೆನೊ ಮಾಡಿದ ಸುಧಾರಣೆಯು ಈ ಚರಿತ್ರೆಯಲ್ಲಿ ಎರಡು ಬಗೆಯ ಪರಿಣಾಮವನ್ನು ಉಂಟುಮಾಡಿತು. ಆತನ ಗೇರುಪೆಟ್ಟಿಗೆಯಲ್ಲಿ ಕೊನೆಯ ಗೇರಿಗೆ ಹಲ್ಲುಗಾಲಿಗಳ ಮಧ್ಯಸ್ಥಿಕೆಯೇ ಇಲ್ಲ. ಎಂಜಿನಿನ ದಂಡವು ನೇರವಾಗಿ ಹಿಂದಿನ ಅಚ್ಚಿನ ಕಡೆಗೆ ಶಕ್ತಿಯನ್ನು ಸಾಗಿಸುತ್ತದೆ. ಇದರಿಂದ ಸದ್ದು ಕಡಿಮೆಯಾಯಿತು, ಶಕ್ತಿಯ ನಷ್ಟವೂ ಕಡಿಮೆಯಾಯಿತು. ಆದರೆ ಕೊನೆಯ ಗೇರಿನ ಅನುಪಾತವು ಪೆಟ್ಟಿಗೆಯೊಳಗೆ ಒಂದಕ್ಕೆ ಒಂದು ಎಂದು ಶಾಶ್ವತವಾಗಿ ನಿಂತುಬಿಟ್ಟಿತು. ಇನ್ನು ಗಾಡಿಯ ಗರಿಷ್ಠ ವೇಗವನ್ನು ಬದಲಾಯಿಸಬೇಕಾದರೆ ಹಿಂದಿನ ಅಚ್ಚಿನಲ್ಲಿರುವ ಪಿನಿಯನ್ನು ಮತ್ತು ಕ್ರೌನ್ ಚಕ್ರದ ಜೋಡಿಯನ್ನೇ ಬದಲಾಯಿಸಬೇಕು. ಹಾಗೆ ಮಾಡಿದರೆ ಕೊನೆಯ ಗೇರಿನೊಡನೆ ಎಲ್ಲ ಗೇರುಗಳೂ ಒಟ್ಟಾಗಿ ಮೇಲೋ ಕೆಳಗೋ ಸರಿಯುತ್ತವೆ. ಒಂದು ನಿರ್ದಿಷ್ಟ ತಿರುವಿಗಾಗಿ ಒಂದೇ ಗೇರನ್ನು ತಿದ್ದಿಕೊಳ್ಳುವುದು ಸಾಧ್ಯವಿಲ್ಲ. ಅನಂತರದ ಅರ್ಧ ಶತಮಾನದ ಬಹುಪಾಲು ಪಂದ್ಯದ ಗಾಡಿಗಳು ಈ ಕಟ್ಟಿಗೆ ಒಳಪಟ್ಟಿದ್ದವೆಂಬುದನ್ನು ಮರೆಯಬಾರದು.

ಇದಕ್ಕೆ ಅಪವಾದವಾಗಿದ್ದವು ಸರಪಳಿಯ ಗಾಡಿಗಳು. 1908ರ ಫ್ರೆಂಚ್ ಗ್ರಾಂಡ್ ಪ್ರಿಯಲ್ಲಿ ಲೌಟೆನ್‌ಷ್ಲಾಗರ್ ಎಂಬ ಚಾಲಕನಿಗೆ ಗೆಲುವನ್ನು ತಂದುಕೊಟ್ಟ ಮರ್ಸಿಡಿಸ್ ಗಾಡಿಯಲ್ಲಿಯೂ ಹಿಂದಿನ ಚಕ್ರಗಳನ್ನು ತಿರುಗಿಸುತ್ತಿದ್ದುದು ಸರಪಳಿಯೇ. ಸರಪಳಿಯ ಹಲ್ಲುಗಾಲಿಯು ಹೊರಗೇ ಇರುವುದರಿಂದ ಅದನ್ನು ಕಳಚಿ ಬೇರೆ ಎಣಿಕೆಯ ಹಲ್ಲುಗಳುಳ್ಳ ಗಾಲಿಯನ್ನು ಹಾಕುವುದು ಸುಲಭ. ಇಂಗ್ಲೆಂಡಿನ ಫ್ರೇಜರ್ ನ್ಯಾಶ್ ಗಾಡಿಗಳಲ್ಲಿ 1920 ಮತ್ತು 30ರ ದಶಕಗಳಲ್ಲಿ ಒಂದೊಂದು ಗೇರಿಗೂ ಒಂದೊಂದು ಪ್ರತ್ಯೇಕ ಸರಪಳಿ ಇರುತ್ತಿತ್ತು. ಆದುದರಿಂದ ಆ ಗಾಡಿಯ ಒಡೆಯನು ಒಂದು ಬೆಟ್ಟದ ದಾರಿಗೆ ಒಂದು ಗೇರನ್ನು ಮಾತ್ರ ಬೇರೆಯಾಗಿ ಹೊಂದಿಸಿಕೊಳ್ಳಬಹುದಾಗಿತ್ತು. ಕಾಲಕ್ಕೆ ಹಿಂದುಳಿದದ್ದೆಂದು ಬಗೆದ ಈ ಸರಪಳಿಯ ವ್ಯವಸ್ಥೆಯಲ್ಲಿಯೇ ಮುಂದಿನ ಘಟ್ಟದ ಬೀಜವು ಅಡಗಿತ್ತೆಂದರೆ ಅತಿಶಯೋಕ್ತಿಯಾಗಲಾರದು.

4

ಎರಡನೆಯ ಘಟ್ಟವು ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿಯೂ ಎರಡನೆಯ ಮಹಾಯುದ್ಧದ ತರುವಾಯ ರೂಪುಗೊಂಡಿತು. ಅಮೆರಿಕದಲ್ಲಿ ಟೆಡ್ ಹ್ಯಾಲಿಬ್ರಾಂಡ್ ಎಂಬಾತನು ಹಿಂದಿನ ಅಚ್ಚಿನ ಬೆನ್ನಿಗೆ ಎರಡು ಸಾದಾ ಹಲ್ಲುಗಾಲಿಗಳ ಜೋಡಿಯನ್ನು ಸೇರಿಸಿ, ಮುಚ್ಚಳವೊಂದನ್ನು ತೆಗೆದರೆ ಕೈಗೆ ಸಿಗುವಂತೆ ಮಾಡಿದನು. ಕೆಲವು ನಿಮಿಷಗಳಲ್ಲಿ ಜೋಡಿಯನ್ನು ಬದಲಾಯಿಸಿ ಗಾಡಿಯ ಒಟ್ಟು ಅನುಪಾತವನ್ನು ತಿದ್ದಬಹುದಾಗಿತ್ತು. ಅಂಡಾಕಾರದ ಪಥಗಳಲ್ಲಿ ಪಂದ್ಯದ ಬಹುಪಾಲು ಒಂದೇ ಗೇರಿನಲ್ಲಿ ನಡೆಯುವುದರಿಂದ, ಎಲ್ಲ ಗೇರುಗಳೂ ಒಟ್ಟಾಗಿ ಸರಿಯುವುದು ಅಲ್ಲಿ ದೋಷವೆನಿಸಲಿಲ್ಲ.

ಯೂರೋಪಿನ ಪರಿಸ್ಥಿತಿ ಬೇರೆ. ಅಲ್ಲಿ ಮೊನಾಕೊ ಪಟ್ಟಣದ ಇಕ್ಕಟ್ಟಾದ ಬೀದಿಗಳೂ ಮಿಲಾನಿನ ಬಳಿಯ ಮೊಂಜಾದ ಉದ್ದನೆಯ ನೇರ ದಾರಿಗಳೂ ಒಂದೇ ವರ್ಷದ ಪಂದ್ಯಮಾಲೆಯಲ್ಲಿ ಬರುತ್ತಿದ್ದವು. 1950ರ ದಶಕದ ಕೊನೆಯಲ್ಲಿ ಕೂಪರ್ ತಂದೆಮಕ್ಕಳು ಎಂಜಿನನ್ನು ಚಾಲಕನ ಹಿಂದಕ್ಕೆ ತಂದಾಗ ಗೇರುಪೆಟ್ಟಿಗೆಯೇ ತೊಡಕಾಗಿ ಪರಿಣಮಿಸಿತು. ಅವರು ಸಿತ್ರೊಯೆನ್ ಸಾಮಾನ್ಯ ಗಾಡಿಯ ಪೆಟ್ಟಿಗೆಯನ್ನು ತಿದ್ದಿ ಉಪಯೋಗಿಸುತ್ತಿದ್ದರು. ಪಂದ್ಯದ ಎಂಜಿನಿನ ಬಲವನ್ನು ತಾಳಲು ಅದು ಕಷ್ಟಪಡುತ್ತಿತ್ತು. ರಾಬ್ ವಾಕರ್‌ನ ತಂಡವು ಇದರಿಂದ ಪಾರಾಗಲು ಇಟಲಿಯ ವಲೇರಿಯೊ ಕೊಲೊಟ್ಟಿಯಿಂದ ಪ್ರತ್ಯೇಕವಾದ ಪೆಟ್ಟಿಗೆಯನ್ನು ಮಾಡಿಸಿತು. ಆದರೆ 1959ರ ಡಿಸೆಂಬರ್ 12ರಂದು ಸೀಬ್ರಿಂಗ್‌ನಲ್ಲಿ, ಪ್ರಪಂಚದ ಚಾಂಪಿಯನ್ ಪದವಿಯು ತೀರ್ಮಾನವಾಗಬೇಕಾಗಿದ್ದ ಕೊನೆಯ ಪಂದ್ಯದಲ್ಲಿ, ಮುಂದಾಳಾಗಿ ಓಡುತ್ತಿದ್ದ ಸ್ಟರ್ಲಿಂಗ್ ಮಾಸ್‌ನ ಗಾಡಿಯು ಇದೇ ಭಾಗದ ದೋಷದಿಂದ ಮೊದಲ ಕೆಲವು ಸುತ್ತುಗಳಲ್ಲಿಯೇ ನಿಂತುಹೋಯಿತು. ಪದವಿಯು ಜ್ಯಾಕ್ ಬ್ರಾಬಮ್‌ಗೆ ದಕ್ಕಿತು. ಯುಕ್ತವಾದ ಅನುಪಾತದ ಹಲ್ಲುಗಾಲಿಯು ಸಾಕಷ್ಟು ದೃಢವಾಗಿಯೂ ಇರಬೇಕೆಂಬ ಪಾಠವು ಇಷ್ಟು ದುಬಾರಿಯಾಗಿ ಬೇರೆಲ್ಲಿಯೂ ದೊರೆತಂತೆ ಕಾಣೆ.

ಈ ತೊಡಕಿಗೆ ಪರಿಹಾರವು ಅನಿರೀಕ್ಷಿತವಾದ ಕಡೆಯಿಂದ ಬಂದಿತು. ಇಂಗ್ಲೆಂಡಿನ ಮೇಡನ್‌ಹೆಡ್ ಎಂಬ ಊರಿನಲ್ಲಿ ಮೈಕ್ ಹ್ಯೂಲಂಡ್ ಎಂಬಾತನು 1957ರಲ್ಲಿ ಸ್ಥಾಪಿಸಿದ ಒಂದು ಸಣ್ಣ ಕಾರ್ಖಾನೆಯು, ಕೆಲವೇ ವರ್ಷಗಳಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಗಾಡಿಯ ಅಗ್ಗದ ಪೆಟ್ಟಿಗೆಯನ್ನು ಕೊಂಡು ಅದರೊಳಗೆ ತನ್ನ ಹಲ್ಲುಗಾಲಿಗಳನ್ನು ಹಾಕಿ ಮಾರತೊಡಗಿತು. ಬೀಟಲ್‌ನಲ್ಲಿ ಎಂಜಿನು ಅಚ್ಚಿನ ಹಿಂದೆ, ಪೆಟ್ಟಿಗೆಯು ಮುಂದೆ. ಪಂದ್ಯದ ಗಾಡಿಯಲ್ಲಿ ಇದು ತಿರುವುಮುರುವು. ಸುಮ್ಮನೆ ಹಿಂದುಮುಂದಾಗಿ ತಿರುಗಿಸಿ ಇಟ್ಟರೆ ಚಕ್ರಗಳು ಹಿಮ್ಮುಖವಾಗಿ ಸುತ್ತುತ್ತವೆ. ಆದುದರಿಂದ ಪೆಟ್ಟಿಗೆಯನ್ನು ತಲೆಕೆಳಗಾಗಿಯೂ ಮಾಡಿ ಜೋಡಿಸುತ್ತಿದ್ದರು.

ಇಲ್ಲಿ ನಾವು ಗಮನಿಸಬೇಕಾದ ಮುಖ್ಯಾಂಶವೊಂದಿದೆ. ಈ ಬಗೆಯ ಪೆಟ್ಟಿಗೆಯಲ್ಲಿ ರೆನೊ ತಂದ ನೇರ ಸಂಬಂಧವಿಲ್ಲ. ಎರಡೇ ದಂಡಗಳಿದ್ದು, ಪ್ರತಿಯೊಂದು ಮುಂಗೇರಿಗೂ ತನ್ನದೇ ಆದ ಹಲ್ಲುಗಾಲಿಗಳ ಜೋಡಿಯಿದೆ. ಎಂದಮೇಲೆ ಒಂದನ್ನು ಬದಲಾಯಿಸಿದರೆ ಉಳಿದವು ಇದ್ದಂತೆಯೇ ಇರುತ್ತವೆ. ಹ್ಯೂಲಂಡ್ ತನ್ನ ಮುಂದಿನ ಮಾದರಿಗಳಲ್ಲಿ ಈ ಜೋಡಿಗಳನ್ನು ಅಚ್ಚಿಗಿಂತ ಹಿಂದಕ್ಕೆ, ಗಾಡಿಯ ಬಾಲದಲ್ಲಿ ಇರಿಸಿದುದರಿಂದ, ಪೆಟ್ಟಿಗೆಯನ್ನು ಗಾಡಿಯಿಂದ ಇಳಿಸದೆಯೇ ಹಿಂದಣ ಮುಚ್ಚಳವನ್ನು ತೆಗೆದು ಬೇಕಾದ ಜೋಡಿಯನ್ನು ಹಾಕಬಹುದಾಯಿತು. ವಿವಿಧ ಎಣಿಕೆಯ ಹಲ್ಲುಗಳ ಜೋಡಿಗಳನ್ನು ಪೆಟ್ಟಿಗೆಗಳಲ್ಲಿ ತುಂಬಿಕೊಂಡು ತಂಡಗಳು ಪಂದ್ಯಕ್ಕೆ ಬರತೊಡಗಿದವು. ಅನುಪಾತದ ನಿರ್ಣಯವು ಕಾರ್ಖಾನೆಯಿಂದ ಪಂದ್ಯಪಥದ ಅಂಗಳಕ್ಕೆ ಇಳಿದು ಬಂದದ್ದು ಹೀಗೆ. 1967ರ ಜೂನ್ 4ರಂದು ಜ್ಯಾಂಡ್‌ವೋರ್ಟ್‌ನಲ್ಲಿ ಜಿಮ್ ಕ್ಲಾರ್ಕ್‌ನೊಡನೆ ಮೊದಲ ಪಂದ್ಯದಲ್ಲಿಯೇ ಗೆದ್ದ ಕಾಸ್ವರ್ತ್ ಎಂಜಿನು ಮರುವರ್ಷದಿಂದ ಅನ್ಯ ತಂಡಗಳಿಗೂ ದೊರೆಯತೊಡಗಿದಾಗ, ಒಂದೇ ಎಂಜಿನು, ಒಂದೇ ಕಾರ್ಖಾನೆಯ ಪೆಟ್ಟಿಗೆ ಎಂಬ ಸ್ಥಿತಿಯು ಅನೇಕರಿಗೆ ಸಮಾನವಾಯಿತು. ಆಗ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುವ ಅಂಶಗಳಲ್ಲಿ ಅನುಪಾತದ ಆಯ್ಕೆಯೂ ಪ್ರಧಾನವಾಯಿತೆಂಬುದು ಸಹಜವೇ.

5

ಸಮಸ್ಯೆಗೆ ಇನ್ನೊಂದು ಉತ್ತರವೂ ಇತ್ತು: ಗೇರುಗಳ ಸಂಖ್ಯೆಯನ್ನೇ ಹೆಚ್ಚಿಸುವುದು. ಎಂಜಿನಿನ ಬಲವು ಬಹಳ ಕಿರಿದಾದ ಅವಧಿಯಲ್ಲಿ ಮಾತ್ರ ದೊರೆಯುವಲ್ಲಿ ಈ ಮಾರ್ಗವು ಅನಿವಾರ್ಯ. 1937ರ ಮರ್ಸಿಡಿಸ್ ಪಂದ್ಯದ ಗಾಡಿಗೆ 5.6 ಲೀಟರಿನ ಬಲಿಷ್ಠ ಎಂಜಿನಿದ್ದುದರಿಂದ ನಾಲ್ಕು ಗೇರುಗಳು ಸಾಕಾಗಿದ್ದವು. ಇದಕ್ಕೆ ವಿರುದ್ಧ ತುದಿಯಲ್ಲಿ ನಿಂತದ್ದು 1967ರ ಸುಜುಕಿ ಮೋಟಾರ್‌ಸೈಕಲ್. ಕೇವಲ 50 ಸಿಸಿಯ ಅದರ ಎಂಜಿನು ನಿಮಿಷಕ್ಕೆ 17,000ಕ್ಕೂ ಮೀರಿ ತಿರುಗುತ್ತಿತ್ತು. ಸುತ್ತುಗಳು ಸ್ವಲ್ಪ ಇಳಿದರೂ ಬಲವು ಮಾಯವಾಗುತ್ತಿದ್ದುದರಿಂದ ಅದಕ್ಕೆ 14 ಗೇರುಗಳನ್ನು ಅಳವಡಿಸಿದ್ದರು. ಅಂತರರಾಷ್ಟ್ರೀಯ ಸಂಸ್ಥೆಯು 1969ರಿಂದ ಆ ವರ್ಗಕ್ಕೆ ಒಂದೇ ಸಿಲಿಂಡರು, ಆರೇ ಗೇರು ಎಂಬ ಮಿತಿಯನ್ನು ವಿಧಿಸಿ ಈ ಪೈಪೋಟಿಗೆ ತೆರೆಯೆಳೆಯಿತು. ಗೇರುಗಳ ಸಂಖ್ಯೆಯು ಪ್ರಗತಿಯ ಗುರುತಲ್ಲ, ಎಂಜಿನಿನ ಸಂಕುಚಿತ ಸ್ವಭಾವಕ್ಕೆ ತೆತ್ತ ಬೆಲೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

6

ಆಯ್ಕೆಯ ಮಹತ್ವವು ಎದ್ದುಕಾಣುವ ಪಂದ್ಯವೆಂದರೆ 1969ರ ಸೆಪ್ಟೆಂಬರ್ 7ರಂದು ಮೊಂಜಾದಲ್ಲಿ ನಡೆದ ಇಟಲಿಯ ಗ್ರಾಂಡ್ ಪ್ರಿ. ವೇಗವನ್ನು ತಗ್ಗಿಸುವ ಅಡ್ಡತಿರುವುಗಳನ್ನು ಅಲ್ಲಿ ನಿರ್ಮಿಸಿದ್ದು 1972ರಲ್ಲಿ. ಅದಕ್ಕೆ ಹಿಂದೆ ಪಥವು ಆದ್ಯಂತ ವೇಗಮಯವಾಗಿತ್ತು. ಮುಂದಿನ ಗಾಡಿಯ ಗಾಳಿಮರೆಯಲ್ಲಿ ಹಿಂದಿನದು ಸುಲಭವಾಗಿ ಓಡುತ್ತಿದ್ದುದರಿಂದ ಯಾರೊಬ್ಬರೂ ಗುಂಪಿನಿಂದ ತಪ್ಪಿಸಿಕೊಂಡು ಹೋಗುವಂತಿರಲಿಲ್ಲ. ಪಂದ್ಯವು ತೀರ್ಮಾನವಾಗುವುದು ಕೊನೆಯ ಸುತ್ತಿನ ಕೊನೆಯ ತಿರುವಾದ ಪ್ಯಾರಬೋಲಿಕಾದಿಂದ ಗುರಿಗೆರೆಯವರೆಗಿನ ಓಟದಲ್ಲಿ ಎಂಬುದನ್ನು ಜ್ಯಾಕಿ ಸ್ಟುವರ್ಟ್ ಮೊದಲೇ ಊಹಿಸಿದ್ದನು. ಆ ತಿರುವಿನಿಂದ ಹೊರಬಿದ್ದು ಗೆರೆಯನ್ನು ದಾಟುವವರೆಗೆ ಗೇರನ್ನು ಬದಲಾಯಿಸುವ ಅಗತ್ಯವೇ ಬೀಳದಂತೆ ತನ್ನ ಮಾತ್ರಾ ಗಾಡಿಯ ಒಂದು ಗೇರಿನ ಅನುಪಾತವನ್ನು ಆರಿಸಿಕೊಂಡನು.

ಕೈಯಿಂದ ಗೇರು ಬದಲಾಯಿಸುತ್ತಿದ್ದ ಆ ಕಾಲದಲ್ಲಿ ಬದಲಾವಣೆಯ ಅಲ್ಪಾವಧಿಯಲ್ಲಿ ಚಕ್ರಕ್ಕೆ ಬಲವಿರುವುದಿಲ್ಲ. ಅಷ್ಟರಲ್ಲಿ ಗಾಳಿಯ ತಡೆಯು ಗಾಡಿಯನ್ನು ಹಿಂದಕ್ಕೆ ಒತ್ತುತ್ತದೆ. ಹಾಗೆ ಕಳೆದುಹೋದ ವೇಗವು ಗೆರೆಯನ್ನು ಮುಟ್ಟುವವರೆಗೂ ಮರಳಿ ಬರುವುದಿಲ್ಲ. ಕೊನೆಯ ಸುತ್ತಿನಲ್ಲಿ ಬೆಲ್ತ್ವಾಸ್ ಪ್ಯಾರಬೋಲಿಕಾದೊಳಕ್ಕೆ ಮುನ್ನುಗ್ಗಿ ಹೊರಗಂಚಿಗೆ ಸರಿದುಹೋದನು. ಸ್ಟುವರ್ಟ್ ಮತ್ತು ಯೋಕೆನ್ ರಿಂಟ್ ಗೆರೆಯ ಕಡೆಗೆ ಧಾವಿಸಿದರು. ಸ್ಟುವರ್ಟ್ 0.08 ಸೆಕೆಂಡಿನಿಂದ ಗೆದ್ದನು. ಗಂಟೆಗೆ 240 ಕಿಲೋಮೀಟರು ವೇಗದ ಲೆಕ್ಕದಲ್ಲಿ ಇದು ಐದೂವರೆ ಮೀಟರಿಗಿಂತಲೂ ಕಡಿಮೆಯಾದ ದೂರ. ರಿಂಟ್, ಬೆಲ್ತ್ವಾಸ್, ಮೆಕ್ಲಾರೆನ್ ಮೂವರೂ 0.19 ಸೆಕೆಂಡಿನೊಳಗೆ ಬಂದರು. ಆ ದಿನವೇ ಸ್ಟುವರ್ಟ್ ಪ್ರಪಂಚದ ಚಾಂಪಿಯನ್ ಎನಿಸಿದನು. ಆ ಗೇರು ಸುತ್ತಿನ ಉಳಿದ ಭಾಗಕ್ಕೆ ಅತ್ಯುತ್ತಮವಾಗಿದ್ದಿರಲಾರದು. ಕೊನೆಯ ಕೆಲವು ನೂರು ಮೀಟರುಗಳಿಗಾಗಿ ಉಳಿದೆಡೆಗಳಲ್ಲಿ ಅಷ್ಟಿಷ್ಟು ನಷ್ಟವನ್ನು ಸಹಿಸುವ ವಿವೇಚನೆ ಅದರಲ್ಲಿದ್ದಿತು. ಒಂದು ಸುತ್ತನ್ನು ಬೇಗ ಮುಗಿಸುವ ಅನುಪಾತಕ್ಕೂ ಪಂದ್ಯವನ್ನು ಗೆಲ್ಲಿಸುವ ಅನುಪಾತಕ್ಕೂ ಇರುವ ವ್ಯತ್ಯಾಸವನ್ನು ಈ ಪ್ರಸಂಗವು ಸ್ಥಾಪಿಸುತ್ತದೆ.

ಎರಡು ವರ್ಷಗಳ ಅನಂತರ, 1971ರಲ್ಲಿ, ಅದೇ ಪಥದಲ್ಲಿ ಪೀಟರ್ ಗೆಥಿನ್ ತನ್ನ ಬಿಆರ್‌ಎಂ ಗಾಡಿಯಲ್ಲಿ ರೋನಿ ಪೀಟರ್ಸನ್‌ನನ್ನು 0.01 ಸೆಕೆಂಡಿನಿಂದ ಸೋಲಿಸಿದನು. ಮೊದಲ ಐವರ ನಡುವಣ ಅಂತರ 0.61 ಸೆಕೆಂಡು. ಗಂಟೆಗೆ 242.615 ಕಿಲೋಮೀಟರಿನ ಆ ಸರಾಸರಿ ವೇಗವು 2003ರವರೆಗೆ ಅಜೇಯವಾಗಿ ಉಳಿಯಿತು. ಪ್ಯಾರಬೋಲಿಕಾದಿಂದ ಹೊರಬಿದ್ದ ಗೆಥಿನ್ ಎಂಜಿನಿಗೆ ವಿಧಿಸಿದ್ದ ಮಿತಿಯನ್ನು ಮೀರಿ ಗೇರನ್ನು ಹಿಡಿದಿಟ್ಟುಕೊಂಡನು. ಸ್ಟುವರ್ಟ್ ಮುಂದಾಲೋಚನೆಯಿಂದ ಸಾಧಿಸಿದ್ದನ್ನು ಗೆಥಿನ್ ಎಂಜಿನನ್ನೇ ಪಣಕ್ಕೊಡ್ಡಿ ಸಾಧಿಸಿದನೆನ್ನಬಹುದು.

ಗಾಳಿಮರೆಯು ಅನುಪಾತದ ಲೆಕ್ಕವನ್ನು ಹೇಗೆ ಕೆಡಿಸುತ್ತದೆಂಬುದನ್ನು ಇಲ್ಲಿ ವಿವರಿಸಬೇಕು. ಹಿಂದೆ ಹೇಳಿದ ಉದಾಹರಣೆಯ ಗಾಡಿಯು ಒಂಟಿಯಾಗಿ ಓಡುವಾಗ ಗಂಟೆಗೆ 288 ಕಿಲೋಮೀಟರನ್ನು ಮೀರಲಾರದೆಂದು ಭಾವಿಸಿ ಅನುಪಾತವನ್ನು 3.75ಕ್ಕೆ ಇರಿಸಿದ್ದೇವೆನ್ನೋಣ. ಇನ್ನೊಂದು ಗಾಡಿಯ ಮರೆಯಲ್ಲಿ ಅದು 300 ಕಿಲೋಮೀಟರು ಓಡಬಲ್ಲದಾದರೆ ಎಂಜಿನು 9,375 ಸುತ್ತು ತಿರುಗಬೇಕಾಗುತ್ತದೆ. ಮಿತಿಯೋ 9,000. ಆದುದರಿಂದ ಗುಂಪಿನಲ್ಲಿ ಓಡುವವನು ವೇಗದ ಗೇರನ್ನೂ ಒಂಟಿಯಾಗಿ ಓಡುವವನು ಎಳೆತದ ಗೇರನ್ನೂ ಬಯಸುತ್ತಾನೆ. ಗೇರನ್ನು ಆರಿಸುವವನು ಪಂದ್ಯದಲ್ಲಿ ತಾನು ಎಲ್ಲಿರುವೆನೆಂಬುದನ್ನು ಮುಂಚಿತವಾಗಿಯೇ ಊಹಿಸಬೇಕು.

7

ಇದೇ ತತ್ತ್ವವು ನಲವತ್ತು ವರ್ಷಗಳ ತರುವಾಯ, 2011ರ ಸೆಪ್ಟೆಂಬರ್ 11ರಂದು, ಅದೇ ಮೊಂಜಾದಲ್ಲಿ ಮತ್ತೆ ಪ್ರಕಟವಾಯಿತು. ಅಷ್ಟು ಹೊತ್ತಿಗೆ ಗೇರುಗಳು ಏಳಾಗಿದ್ದವು; ಅನುಪಾತಗಳನ್ನು ಗಣಕಯಂತ್ರವು ಸುತ್ತನ್ನು ಅನುಕರಿಸಿ ಲೆಕ್ಕಹಾಕುತ್ತಿತ್ತು; ಎಂಜಿನು 18,000 ಸುತ್ತುಗಳನ್ನು ಮೀರದಂತೆ ನಿಯಮವೇ ತಡೆಯುತ್ತಿತ್ತು. ಸೆಬಾಸ್ಟಿಯನ್ ವೆಟ್ಟೆಲ್‌ನ ತಂಡವು ಎಳೆತದ ಗೇರನ್ನು ಆರಿಸಿತು. ನೇರ ದಾರಿಯಲ್ಲಿ ಆತನ ವೇಗವು ಅನೇಕರಿಗಿಂತ ಕಡಿಮೆ. ಆದರೆ ಮೊದಲ ಸ್ಥಾನದಿಂದ ಹೊರಟು ಬೇಗನೆ ಒಂಟಿಯಾಗಿಬಿಟ್ಟರೆ ಆ ಕೊರತೆಯು ಬಾಧಿಸದು ಎಂಬುದು ಲೆಕ್ಕ. ಆರಂಭದಲ್ಲಿ ಅಲೊನ್ಸೊ ಮುಂದೆ ಹೋದರೂ ಕೆಲವೇ ಸುತ್ತುಗಳಲ್ಲಿ ವೆಟ್ಟೆಲ್ ಒಂದು ಪಕ್ಕದ ಚಕ್ರಗಳನ್ನು ಹುಲ್ಲಿನ ಮೇಲಿಟ್ಟು ಆತನನ್ನು ದಾಟಿ ಪಂದ್ಯವನ್ನು ಗೆದ್ದನು. ಅದೇ ದಿನ ಲೂಯಿಸ್ ಹ್ಯಾಮಿಲ್ಟನ್ ಮೈಕಲ್ ಶೂಮಾಕರ್‌ನ ಗಾಳಿಮರೆಯಲ್ಲಿ ಓಡುತ್ತ ಮತ್ತೆ ಮತ್ತೆ ಸುತ್ತುಗಳ ಮಿತಿಗೆ ಬಡಿದು, ದಾಟಲಾರದೆ ಬಹಳ ಹೊತ್ತು ಹಿಂದೆಯೇ ಉಳಿದನು. 1971ರ ಗೆಥಿನ್‌ಗೆ ಮಿತಿಯನ್ನು ಮೀರುವ ಸ್ವಾತಂತ್ರ್ಯವಿದ್ದಿತು, 2011ರ ಹ್ಯಾಮಿಲ್ಟನ್‌ಗೆ ಅದೂ ಇರಲಿಲ್ಲ.

2014ರಲ್ಲಿ ಹೊಸ ನಿಯಮಗಳು ಬಂದವು. ಮುಂಗೇರುಗಳು ಎಂಟು, ಅವುಗಳ ಅನುಪಾತಗಳನ್ನು ವರ್ಷದ ಆರಂಭಕ್ಕೆ ಮೊದಲೇ ಘೋಷಿಸಬೇಕು, ವರ್ಷವಿಡೀ ಅವೇ ಇರತಕ್ಕದ್ದು. ಆ ಮೊದಲ ವರ್ಷ ಮಾತ್ರ ಒಂದು ಸಲ ತಿದ್ದುಪಡಿಗೆ ಅವಕಾಶವಿತ್ತು. ವೆಚ್ಚವನ್ನು ತಗ್ಗಿಸುವುದು ಇದರ ಉದ್ದೇಶ. ಹೊಸ 1.6 ಲೀಟರು ಟರ್ಬೊ ಎಂಜಿನಿಗೆ ವಿದ್ಯುತ್ ಮೋಟಾರಿನ ಬಲವೂ ಕೂಡಿಕೊಂಡು ಬಲದ ಅವಧಿಯು ವಿಶಾಲವಾದುದರಿಂದ ಇದು ಸಾಧ್ಯವೂ ಆಯಿತು. ಮೊನಾಕೊದ ಬೀದಿಗೂ ಮೊಂಜಾದ ನೇರ ದಾರಿಗೂ ಒಂದೇ ಎಂಟು ಜೋಡಿಗಳು ಸಾಕೆನಿಸಿದವು.

8

ಮೇಲ್ಕಂಡ ವಿವೇಚನೆಯಿಂದ ಎರಡು ಅಂಶಗಳು ಸಿದ್ಧಿಸುತ್ತವೆ. ಮೊದಲನೆಯದಾಗಿ, ಗೇರಿನ ಇತಿಹಾಸದಲ್ಲಿ ನಿರ್ಣಾಯಕವಾದದ್ದು ಸಂಖ್ಯೆಯ ವೃದ್ಧಿಯಲ್ಲ. ಒಂದೊಂದು ಗೇರನ್ನೂ ಪ್ರತ್ಯೇಕವಾಗಿ, ಪಂದ್ಯಪಥದ ಬಳಿಯಲ್ಲಿಯೇ ಬದಲಾಯಿಸುವ ಸೌಕರ್ಯ. ಅದು ದೊರೆತದ್ದು ಅತ್ಯಾಧುನಿಕವಾದ ಯಂತ್ರದಿಂದಲ್ಲ, ಒಮ್ಮೆ ಸರಪಳಿಯ ಗಾಡಿಯಿಂದ, ಇನ್ನೊಮ್ಮೆ ಜನಸಾಮಾನ್ಯರ ಅಗ್ಗದ ಗಾಡಿಯ ಪೆಟ್ಟಿಗೆಯಿಂದ. ಎರಡನೆಯದಾಗಿ, ಅನುಪಾತದ ಆಯ್ಕೆಯು ಕೇವಲ ಗಣಿತವಾಗಿರಲಿಲ್ಲ. ತಾನು ಮುಂದಿರುವೆನೋ ಹಿಂದಿರುವೆನೋ, ಒಂಟಿಯೋ ಗುಂಪಿನಲ್ಲೋ, ಪಂದ್ಯವು ಎಲ್ಲಿ ತೀರ್ಮಾನವಾದೀತು ಎಂಬ ಪ್ರಶ್ನೆಗಳಿಗೆ ಹಿಂದಿನ ದಿನವೇ ಕೊಟ್ಟ ಉತ್ತರವು ಆ ಹಲ್ಲುಗಳ ಎಣಿಕೆಯಲ್ಲಿ ಅಡಕವಾಗಿರುತ್ತಿತ್ತು. 2014ರ ನಿಯಮದಿಂದ ತಂಡಗಳಿಗೆ ವೆಚ್ಚವು ಉಳಿಯಿತೆಂಬುದು ನಿಜ. ಅದರೊಡನೆ, 1969ರಲ್ಲಿ ಸ್ಟುವರ್ಟ್ ಮಾಡಿದಂತೆ ಒಂದು ತಿರುವಿಗಾಗಿ ಒಂದು ಗೇರನ್ನು ಕೂಡಿಸುವ ದಾರಿಯು ಆ ಶ್ರೇಣಿಯ ಪಂದ್ಯಗಳಲ್ಲಿ ಮುಚ್ಚಿಹೋಯಿತೆಂಬುದನ್ನೂ ಚರಿತ್ರಕಾರನು ದಾಖಲಿಸಬೇಕಾಗುತ್ತದೆ.